ಗಡಿಯಾರ ಆದ ಅವ್ವಂದಿರು

ಆಟ ಅಂದ್ರ ಅದಕ್ಕೊಂದು ಕೊನಿ ಇರ್ತದ. ಚೌಕಾಬಾರದಾಗ ನಾಕೂ ಕಾಯಿ ಹಣ್ಣಾದ್ರ ಆಟ ಮುಗೀತು. ಅಳಗುಳಿ ಮಣಿಯೊಳಗ ಹರಳು ಖಾಲಿ ಆದ್ರ ಮುಗೀತು. ಕುಂಟಾಬಿಲ್ಲೆ, ಲಗೋರಿ, ಚಿಣಿಫಣಿ ಇವೆಲ್ಲಾ ಸಂಜಿ ಕತ್ತಲಾತಂದ್ರ ತಾವ ಮುಗೀತಿದ್ವು. ದೀಪ ಹಚ್ಚೋ ಹೊತ್ತಿಗೆ ಅವ್ವ ಬಾಗಲದಾಗ ನಿಂತು ಒಂದ ಸಲ ಕೂಗಿದ್ರ ಸಾಕಿತ್ತು. ಎರಡನೇ ಸಲ ಕೂಗೋ ಹೊತ್ತಿಗೆ ಅಕಿ ಕೈಯಾಗ ಕಸಬರಿಗಿ ಇರ್ತಿತ್ತು, ಹಿಂಗಾಗಿ ಯಾರೂ ಎರಡನೇ ಸಲದ ತನಕ ಕಾಯ್ತಿದ್ದಿಲ್ಲ.

ವಿಡಿಯೋ ಗೇಮಿಗೆ ಆ ಕೊನಿ ಯಾರು ಹಾಕ್ಬೇಕು? ಇದೊಂದು ಪ್ರಶ್ನಿ ಹಿಡ್ಕೊಂಡು ಜಗತ್ತಿನ ತಂದಿ-ತಾಯಿ ಐವತ್ತು ವರ್ಷದಿಂದ ಒದ್ದಾಡ್ಲಿಕ್ಕತ್ತಾರ. ಪುಣೇದಾಗಿರೋ ನಮ್ಮ ಅಕ್ಕನ ಮಗಳು ಮೊನ್ನೆ ಫೋನಿನ್ಯಾಗ, "ಮಾವಶಿ, ನಾ ಆ ಹುಡುಗಗ ಅವ್ವ ಅಲ್ಲ, ವಾಚ್‌ಮನ್ ಆಗೇನಿ. ಮುಂಜಾನಿಂದ ರಾತ್ರಿತನಕ ಸಾಕ್ಮಾಡು ಸಾಕ್ಮಾಡು ಅನ್ನೋದೊಂದ ಕೆಲಸ" ಅಂದ್ಲು. ಮಗಗ ಹನ್ನೊಂದು ವರ್ಷ. ತಾನ ಎಲ್ಲೋ ಕೆಟ್ಟ ತಾಯಿ ಆಗೇನಿ ಅಂತ ಅಕಿ ತಲಿಯೊಳಗ ಕೂತದ. ಹಂಗೇನಿಲ್ಲ ಅಂತ ಬಾಯಿಮಾತಿಗೆ ಹೇಳಿದ್ರ ಯಾರೂ ನಂಬಂಗಿಲ್ಲ. ಅದಕ್ಕ ಇದರ ಹಳೇ ಕಥಿ ಏನದ ಅಂತ ಹುಡುಕಿ ಓದ್ಲಿಕ್ಕೆ ಕೂತೆ. ಓದಿದಾಗ ಗೊತ್ತಾತು, ಇಕಿ ಈಗ ಮಾಡೋ ಕೆಲಸಾನ ಮೊದಲಿಗೆ ಒಂದು ನಾಣ್ಯ ಮಾಡ್ತಿತ್ತು.

ನಾ ಹುಟ್ಟಿದ್ದು 1972ರಾಗ. ಅದ ವರ್ಷ ಅಮೇರಿಕಾದ ಅಟಾರಿ ಕಂಪನಿಯವರು ಪಾಂಗ್ ಅನ್ನೋ ಆಟ ಮಾಡಿದ್ರು. ಕರೀ ಪರದಾ ಮ್ಯಾಲೆ ಎರಡು ಬಿಳೀ ಪಟ್ಟಿ, ನಡುವ ಒಂದು ಚುಕ್ಕಿ, ಟೇಬಲ್ ಟೆನಿಸ್ ಆಡಿಧಂಗ. ಕ್ಯಾಲಿಫೋರ್ನಿಯಾದಾಗ ಒಂದು ಹೆಂಡದಂಗಡಿಯೊಳಗ ಮೊದಲನೇ ಮಷೀನ್ ಇಟ್ರು. ಸ್ವಲ್ಪ ದಿನಕ್ಕ ಅದು ಕೆಟ್ಟು ನಿಂತದ ಅಂತ ಅಂಗಡಿಯವರ ಫೋನ್ ಬಂತು. ಇಂಜಿನಿಯರ್ ಹೋಗಿ ಬಾಗಲಾ ತಗದು ನೋಡಿದ್ರ ಮಷೀನಿಗೇನೂ ಆಗಿದ್ದಿಲ್ಲ, ನಾಣ್ಯ ಬೀಳೋ ಡಬ್ಬಿ ತುಂಬಿ ತುಳುಕಿ ಬಂದ್ ಬಿದ್ದಿತ್ತು.

ಈ ನಾಣ್ಯ ಇತ್ತಲ್ಲ, ಇದ ಆಟದ ಗಡಿಯಾರ. ಇಪ್ಪತ್ತೈದು ಸೆಂಟ್ ಹಾಕಿದ್ರ ಇಷ್ಟೊತ್ತು ಆಟ, ಸೋತ್ರ ಮತ್ತ ಹಾಕು. ಕಿಸೆ ಖಾಲಿ ಆತು, ಹುಡುಗ ಮನೀಗೆ ಬಂದ. ಹಂಗಾಗಿ ಆವಾಗಿನ ತಂದಿ-ತಾಯಿಗೆ 'ಎಷ್ಟು ತಾಸು ಆಡ್ತಾನ' ಅನ್ನೋ ಚಿಂತಿ ಇದ್ದಿಲ್ಲ. ಅವರ ಚಿಂತೀನ ಬ್ಯಾರೆ. ಊಟಕ್ಕ ಕೊಟ್ಟ ರೊಕ್ಕ ಎಲ್ಲಿ ಹೋತು? ಆ ಕತ್ತಲಿ ಅಂಗಡಿಯೊಳಗ ಯಾರ್ಯಾರು ಇರ್ತಾರ? ಸಾಲಿ ಬಿಟ್ಟು ಅಲ್ಲಿ ಕೂತಾನೇನು?

1978ರಾಗ ಜಪಾನಿಂದ ಸ್ಪೇಸ್ ಇನ್ವೇಡರ್ಸ್ ಬಂದ ಮ್ಯಾಲಂತೂ ಊರೂರಿಗೆ ಇಂಥಾ ಅಂಗಡಿ ಆದ್ವು. ಅದಕ್ಕೂ ಮೊದಲು, 1976ರಾಗನ, ಡೆತ್ ರೇಸ್ ಅಂತ ಒಂದು ಆಟ ಬಂದಿತ್ತು. ಕಾರು ಹಾಯಿಸಿ ಓಡಾಡೋ ಆಕಾರಗೋಳನ್ನ ಕೆಡವೋದು. ಕಡ್ಡಿ ಬರದಂಗ ಇರೋ ಆ ಚಿತ್ರ ಈಗ ನೋಡಿದ್ರ ನಗು ಬರ್ತದ, ಆದ್ರ ಆವಾಗ ದೊಡ್ಡ ಗದ್ದಲಾನ ಆತು. ಟೆಕ್ಸಾಸಿನ ಮೆಸ್ಕೀಟ್ ಅನ್ನೋ ಊರಾಗ, ಹದಿನೇಳು ತುಂಬದ ಹುಡುಗ್ರು ತಂದಿ-ತಾಯಿ ಜೋಡಿ ಇಲ್ಲದ ಗೇಮಿನ ಅಂಗಡಿಗೆ ಹೋಗಬಾರದು ಅಂತ ನಗರಸಭಾದವರು ನಿಯಮ ಮಾಡಿದ್ರು. ಅದು ಅಮೇರಿಕಾದ ಸುಪ್ರೀಂ ಕೋರ್ಟಿನ ತನಕ ಹೋಗಿ 1982ರಾಗ ತೀರ್ಪು ಬಂತು ಅಂದ್ರ ನೋಡ್ರಿ. ಫಿಲಿಪ್ಪೀನ್ಸ್‌ನ್ಯಾಗ ಮಾರ್ಕೋಸ್ ಅಂತೂ 1981ರ ನವೆಂಬರಿನ್ಯಾಗ ದೇಶದಾಗ ವಿಡಿಯೋ ಗೇಮ ಬ್ಯಾಡ ಅಂತ ಹುಕುಂ ಹೊರಡಿಸಿದ. ಪಾಲಕರು, ಮಾಸ್ತರರು ದೂರು ಹೇಳಿದ್ರು ಅನ್ನೋದು ಕಾರಣ. ದೇಶದ ಮಂದಿ ಬಾಯಿ ಮುಚ್ಚಿಸಿ ಕೂತ ಮನಷ್ಯಾಗ ಮಕ್ಕಳ ಆಟ ಮುಚ್ಚಿಸೋದೇನು ದೊಡ್ಡ ಮಾತು.

ನನಗ ಹಿಡಿಸಿದ್ದು ರಾನಿ ಲ್ಯಾಮ್ ಅನ್ನೋ ಹೆಣ್ಮಗಳ ಕಥಿ. ನ್ಯೂಯಾರ್ಕ್ ಬಾಜೂಕ ಲಾಂಗ್ ಐಲ್ಯಾಂಡ್ ಅದ. ಅಲ್ಲಿಯ ಸಾಲಿಗಳ ಪಾಲಕ-ಶಿಕ್ಷಕರ ಸಂಘದ ಅಧ್ಯಕ್ಷಿ ಅಕಿ. 1981-82ರಾಗ ನಮ್ಮ ಊರಾಗ ಹೊಸಾ ಗೇಮಿನ ಅಂಗಡಿಗೆ ಪರವಾನಗಿ ಕೊಡಬ್ಯಾಡ್ರಿ ಅಂತ ಹೋರಾಟಕ್ಕ ನಿಂತ್ಲು. ಟೀವಿಯೊಳಗೂ ಬಂದು ಮಾತಾಡಿದ್ಲು. ಗೇಮ್ ಕಂಪನಿಯವರಿಗೆ, ಆಟದ ಹುಚ್ಚಿನ ಹುಡುಗ್ರಿಗೆ ಇಕಿ ಅಂದ್ರ ನಗೀ ಸಾಮಾನು ಆದ್ಲು. ಇವತ್ತಿಗೂ ಗೇಮಿನ ಇತಿಹಾಸ ಬರಿಯೋರು ಇಕಿನ್ನ ಸ್ವಲ್ಪ ಕುಚೇಷ್ಟಿ ಮಾಡೇ ಬರೀತಾರ. ನನಗ ಹಂಗ ಅನಸಂಗಿಲ್ಲ. ಅಕಿ ಕೇಳಿದ್ದು ಹುಡುಗ್ರು ಎಲ್ಲಿ ಅದಾರ, ಅವರ ರೊಕ್ಕ ಎಲ್ಲಿ ಹೋಗ್ತದ, ಇಷ್ಟ. ಅಕಿ ಜಾಗಾದಾಗ ನೀವಿದ್ರೂ ಅದನ್ನ ಕೇಳ್ತಿದ್ರಿ. ಅದ ವರ್ಷ, 1982ರ ನವೆಂಬರಿನ್ಯಾಗ, ಅಮೇರಿಕಾ ಸರಕಾರದ ದೊಡ್ಡ ಡಾಕ್ಟರು, ಸರ್ಜನ್ ಜನರಲ್ ಎವರೆಟ್ ಕೂಪ್, ಈ ಆಟಗಳಿಂದ ಹುಡುಗ್ರಿಗೆ ಕೆಡಕು ಅದ ಅಂತ ಒಂದು ಸಭಾದಾಗ ಅಂದ್ರು. ಮರುದಿನಾನ, ಅದು ನನ್ನ ಸ್ವಂತ ಅಭಿಪ್ರಾಯ, ವಿಜ್ಞಾನದ ಪುರಾವಾ ಇಟ್ಕೊಂಡು ಹೇಳಿದ್ದಲ್ಲ ಅಂತ ಹಿಂದ ಸರದ್ರು. ಪೇಪರಿನವರು ಮೊದಲನೇ ಮಾತು ದೊಡ್ಡದಾಗಿ ಹಾಕಿದ್ರು. ಎರಡನೇ ಮಾತು ಎಷ್ಟು ತಾಯಂದ್ರು ಓದಿದ್ರೋ.

ನಮ್ಮ ಹುಬ್ಬಳ್ಳಿಯೊಳಗೂ ಬಸ್‌ಸ್ಟ್ಯಾಂಡ್ ಕಡೆ ಇಂಥಾ ಒಂದು ಅಂಗಡಿ ಇತ್ತು. ಬಾಗಲಕ್ಕ ದಪ್ಪನ್ನ ಪರದಾ, ಒಳಗ ಟುಂಯ್ ಟುಂಯ್ ಸಪ್ಪಳ. ನಮ್ಮ ತಮ್ಮ ಸಂತಿ ಚಿಲ್ಲರಿ ಉಳಿಸಿ ಅಲ್ಲಿ ಹೋಗ್ತಿದ್ದ. ಅಪ್ಪಗ ಗೊತ್ತಾಗಿ ಎರಡು ಬಿತ್ತು, ಮತ್ತ ಹೋದ, ಮತ್ತ ಬಿತ್ತು. ನನಗ ಒಮ್ಮೆನೂ ಬಿದ್ದಿಲ್ಲ, ಯಾಕಂದ್ರ ನಾ ಒಳಗ ಹೋಗೋ ಪ್ರಶ್ನೀನ ಇದ್ದಿಲ್ಲ. ಹೆಣ್ಣು ಹುಡುಗಿ ಆ ಪರದಾ ಸರಿಸಿದ್ರ ಓಣಿ ತುಂಬ ಮಾತು. ಪರದಾ ಹಾರಿದಾಗ ನೀಲಿ ಬೆಳಕು ಕಾಣ್ತಿತ್ತು, ಅಷ್ಟು ನೋಡ್ಕೋತ ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ದೆ. ಹುಡುಗ್ರು ಆಟ ಆಡಿ ಕೆಡ್ತಾರ ಅಂತ ಐವತ್ತು ವರ್ಷ ಚರ್ಚಾ ನಡದದಲ್ಲ, ಅದರಾಗ 'ಹುಡುಗ್ರು' ಅಂದ್ರ ಭಾಳ ವರ್ಷ ಗಂಡು ಹುಡುಗ್ರು ಅಂತಾನ ಅರ್ಥ. ನಮ್ಮನ್ನ ಕೆಡಲಿಕ್ಕೂ ಬಿಟ್ಟಿದ್ದಿಲ್ಲ!

ಇರ್ಲಿ. ಖರೇ ಬದಲಾವಣಿ ಆದದ್ದು ಆಟ ಅಂಗಡಿಯಿಂದ ಮನಿಗೆ ಬಂದಾಗ. ಜಪಾನಿನ ನಿಂಟೆಂಡೋ ಕಂಪನಿಯವರು 1983ರ ಜುಲೈದಾಗ ಫ್ಯಾಮಿಕಾಮ್ ಅನ್ನೋ ಪೆಟಿಗಿ ಮಾರ್ಲಿಕ್ಕೆ ಹತ್ತಿದ್ರು, ಬೆಲಿ 14,800 ಯೆನ್. ಟೀವಿಗೆ ಹಚ್ಚಿ ಆಡೋದು. ಮಗ ಕಣ್ಣೆದುರಿಗೇ ಇರ್ತಾನ, ಕೆಟ್ಟ ಸಂಗತಿ ಇಲ್ಲ, ದಿನಾ ರೊಕ್ಕಾನೂ ಬ್ಯಾಡ ಅಂತ ಅವ್ವಂದಿರಿಗೆ ಮೊದಲು ಸಮಾಧಾನಾನ ಆಗಿರಬೇಕು. ಆದ್ರ ನಾಣ್ಯ ಹೋತು ನೋಡ್ರಿ, ನಾಣ್ಯದ ಕೂಡ ಗಡಿಯಾರಾನೂ ಹೋತು. ಆ ಪೆಟಿಗಿ ತಾನಾಗೇ ಸಾಕು ಅನ್ನಂಗಿಲ್ಲ. ಯಾರರ ಅನ್ಬೇಕು. ಅಡಗಿ ಮನಿಯಿಂದ ಕೈ ಒರಸ್ಕೋತ ಬಂದು ಸಾಕು ಅನ್ನೋಕಿ ಯಾರು ಅಂತ ನಾ ಹೇಳ್ಬೇಕಾಗಿಲ್ಲ.

1985ರ ಬ್ಯಾಸಗಿ ಸೂಟಿಯೊಳಗ ಹಡ್ಸನ್ ಅನ್ನೋ ಗೇಮ್ ಕಂಪನಿ ಊರೂರಿಗೆ ಹೋಗಿ ಆಟದ ಸ್ಪರ್ಧಾ ನಡಸ್ತು. ಆ ಕಂಪನಿಯೊಳಗ ತಕಾಹಾಶಿ ಮೇಜಿನ್ ಅಂತ ಒಬ್ಬ ನೌಕರ. ಸೆಕೆಂಡಿಗೆ ಹದಿನಾರು ಸಲ ಗುಂಡಿ ಒತ್ತತಿದ್ದ ಅಂತ ಹುಡುಗ್ರಿಗೆ ಆಂವ ದೇವರಿದ್ದಂಗ. ಸಭಾದಾಗ ಮುಂದ ಹುಡುಗ್ರು, ಹಿಂದ ಮಾರಿ ಗಂಟು ಹಾಕ್ಕೊಂಡು ನಿಂತ ಅವ್ವ-ಅಪ್ಪ. ಅವರ ಮಾರಿ ನೋಡಿ ಈತ ಮೈಕಿನ್ಯಾಗ, ಆಟ ದಿನಕ್ಕ ಒಂದ ತಾಸು, ಹೊರಗೂ ಆಡ್ರಿ, ಅಭ್ಯಾಸಾನೂ ಮಾಡ್ರಿ ಅಂದಬಿಟ್ಟ. ಗೇಮ್ ಮಾರೋ ಕಂಪನಿಯವನ ಒಂದ ತಾಸು ಆಡ್ರಿ ಅಂದ್ರ ಹೆಂಗ? ಬಟ್ಟಿ ಅಂಗಡಿಯಂವ ವರ್ಷಕ್ಕ ಒಂದ ಸೀರಿ ಸಾಕ್ರಿ ಅಕ್ಕಾರ ಅಂದಂಗ. ಆದ್ರ ಆ ಮಾತು ಜಪಾನಿನ ಮನಿಮನಿಗೆ ಮುಟ್ತು. ನಮ್ಮ ಮನ್ಯಾಗ 'ದಿನಕ್ಕ ಒಂದ ತಾಸು' ಅಂತೇವಲ್ಲ, ಆ ಲೆಕ್ಕಾನ ಆಟದವನ ಒಬ್ಬ ಬಹಿರಂಗ ಸಭಾದಾಗ ಹೇಳಿದ್ದು ಹಿಂಗ.

ಒಂದ ತಾಸು ಅನ್ನೋದು ಹೇಳ್ಲಿಕ್ಕೆ ಸಸಾರ. 1986ರಾಗ ಜಪಾನಿನ್ಯಾಗ ಡ್ರ್ಯಾಗನ್ ಕ್ವೆಸ್ಟ್ ಅಂತ ಒಂದು ಆಟ ಬಂತು. ರಾಜಕುಮಾರಿ, ರಾಕ್ಷಸ, ಕಾಡು ಮೇಡು ಅಂತ ನಮ್ಮ ಅಜ್ಜಿ ಹೇಳೋ ಕಥಿಯಂಗ ಉದ್ದಾನುದ್ದ, ಒಂದ ದಿನದಾಗ ಮುಗಿಯಂಗಿಲ್ಲ. ಆಟದ ನೆನಪು ಇಟ್ಕೊಳೋ ವ್ಯವಸ್ಥಾ ಆವಾಗ ಪೆಟಿಗಿಯೊಳಗ ಇದ್ದಿಲ್ಲ. ಬಂದ್ ಮಾಡೋ ಮೊದಲು ಪರದಾ ಮ್ಯಾಲೆ ಒಂದು ಮಂತ್ರ ಬರ್ತಿತ್ತು, ಇಪ್ಪತ್ತು ಅಕ್ಷರದ್ದು. ಎರಡನೇ ಭಾಗದಾಗ ಅದು ಐವತ್ತೆರಡು ಅಕ್ಷರದ ತನಕ ಬೆಳೀತು! ಅದನ್ನ ವಹಿಯೊಳಗ ಬರ್ಕೊಂಡ್ರ ನಾಳೆ ಅಲ್ಲಿಂದ ಮುಂದ ಆಡಬಹುದು. ಒಂದ ಅಕ್ಷರ ತಪ್ಪಿದ್ರ ಎಲ್ಲಾ ಹೋತು. ಊಟಕ್ಕ ಬಾ ಅಂದ್ರ 'ತಡೀ ಅವ್ವಾ' ಅನ್ನೋ ಹುಡುಗನ ಕೈಯಾಗ ಪೆನ್ಸಿಲ್ಲು. ಅವ್ವಗ ಅದು ಹಟ ಕಾಣ್ತದ, ಹುಡುಗಗ ಒಂದ ವಾರದ ದುಡಿಮಿ ಕಾಣ್ತದ. ಅವ್ವ ಕಸ ಗುಡಿಸೋ ಮಷೀನ್ ತಂದು ಪೆಟಿಗಿಗೆ ಬಡದು ಆಟ ಹಾಳ್ಮಾಡಿದ್ಲು, ವಾಯರ್ ಮುಚ್ಚಿಟ್ಲು ಅನ್ನೋ ಮಾತನ್ನ ಆ ಕಾಲದ ಜಪಾನಿ ಹುಡುಗ್ರು, ಈಗ ಅವರೂ ಐವತ್ತರ ಆಸುಪಾಸಿನವರ ಅನ್ರಿ, ಇನ್ನೂ ನಕ್ಕೋತ ಹೇಳ್ತಾರ. ಮೂರನೇ ಭಾಗ 1988ರ ಫೆಬ್ರುವರಿ 10, ಬುಧವಾರ ಬಂತು. ಅಂಗಡಿ ಮುಂದ ಪಾಳಿ, ಸಾಲಿ ತಪ್ಪಿಸಿ ನಿಂತ ನೂರಾರು ಹುಡುಗ್ರನ್ನ ಪೊಲೀಸರು ಹಿಡದ್ರು. ನಾಕನೇ ಭಾಗ ತಂದಾಗ ಕಂಪನಿಯವರು ರವಿವಾರ ನೋಡಿ ತಂದ್ರು.

ನಮ್ಮ ಕಡೆ ಈ ಪೆಟಿಗಿ ಖರೇದು ಬರ್ಲಿಲ್ಲ, ಅದರ ನಕಲು ಬಂದ್ವು. 1990ರ ದಶಕದಾಗ ಲಿಟಲ್ ಮಾಸ್ಟರ್, ಮೀಡಿಯಾ ಅಂತ ಹೆಸರಿನವು ನಿಮಗೂ ನೆನಪಿರಬೇಕು. ಹಳದಿ ಕ್ಯಾಸೆಟ್ಟಿನ ಮ್ಯಾಲೆ 9999 ಆಟ ಅಂತ ಬರದಿರ್ತಿತ್ತು, ಒಳಗ ನೋಡಿದ್ರ ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡಿಯೋದು, ಅವ ಹತ್ತು-ಹನ್ನೆರಡು ತಿರುಗಿ ತಿರುಗಿ. ನಮ್ಮ ಹಿರ್ಯಾರು ಹುಡುಗ ಕೆಡ್ತಾನ ಅಂತ ಅಂಜಿದ್ದಕ್ಕಿಂತ ಪಿಕ್ಚರ್ ಟ್ಯೂಬ್ ಕೆಡ್ತದ ಅಂತ ಅಂಜಿದ್ದ ಹೆಚ್ಚು. ಟೀವಿ ಅಂದ್ರ ಎಷ್ಟು ವರ್ಷದ ಉಳಿತಾಯ! ಹುಡುಗಗ ಕಣ್ಣು ನೋವು ಬಂದ್ರ ಎಣ್ಣಿ ಹಚ್ಚಿದ್ರಾತು, ಟ್ಯೂಬ್ ಹೋದ್ರ ಏನು ಹಚ್ಚೋದು.

ಆದ್ರ ಒಂದು ಲಕ್ಷ್ಯಕ್ಕ ತಗೋರಿ. ನಮಗ ಗಡಿಯಾರ ಆಗೋ ಪಾಳಿ ಆವಾಗಿನ್ನೂ ಬಂದಿದ್ದಿಲ್ಲ. ಮನೀಗೊಂದ ಟೀವಿ. ಏಳಕ್ಕ ವಾರ್ತಾ ಅಂತ ಅಪ್ಪ ಕೂತ್ರು, ಆಟ ಮುಗೀತು. ಆಮ್ಯಾಲೆ ನಮ್ಮ ಸೀರಿಯಲ್ಲು. ನಡುನಡುವ ಲೈಟ್ ಹೋಗೋದು. ನಮ್ಮ ಉತ್ತರ ಕರ್ನಾಟಕದಾಗ ಕೆಇಬಿಯಷ್ಟು ಶಿಸ್ತಿನ ತಾಯಿ ಯಾರಿದ್ದಿಲ್ಲ. ಹೇಳದ ಕೇಳದ ಬಂದ್, ಅತ್ರೂ ಕರದ್ರೂ ಕೇಳಂಗಿಲ್ಲ, ಬೈದ್ರ ತಾಯಿಗೆ ಹತ್ತಂಗಿಲ್ಲ. ಮುಂದ ಸೈಬರ್ ಕೆಫೆ ಬಂದ್ವು, ಅಲ್ಲಿ ತಾಸಿನ ಲೆಕ್ಕದ ಬಿಲ್ಲು, ಅಂದ್ರ ಹಳೇ ನಾಣ್ಯಾನ ತಿರುಗಿ ಬಂದಂಗಾತು.

ಅಮೇರಿಕಾದಾಗ ಈ ನಡುವ ಅಂಜಿಕಿ ತಾಸು ಬಿಟ್ಟು ರಕ್ತದ ಕಡೆ ತಿರುಗಿತ್ತು. ಮಾರ್ಟಲ್ ಕಾಂಬ್ಯಾಟ್ ಅನ್ನೋ ಬಡದಾಟದ ಆಟದಾಗ ಎದುರಾಳಿ ತಲಿ ಕೀಳೋದು ನೋಡಿ 1993ರ ಡಿಸೆಂಬರಿನ್ಯಾಗ ಅವರ ಸಂಸತ್ತಿನ್ಯಾಗ ವಿಚಾರಣಿ ನಡೀತು. ಮರುವರ್ಷ ಡಬ್ಬಿ ಮ್ಯಾಲೆ ಯಾವ ವಯಸ್ಸಿಗೆ ಯಾವ ಆಟ ಅಂತ ಅಕ್ಷರ ಹಾಕೋ ಪದ್ಧತಿ ಬಂತು. ಡಬ್ಬಿ ನೋಡಿ ತಗೋಳೋ ತಾಯಿಗೆ ಅದು ಉಪಯೋಗ. ಈಗ ಡಬ್ಬೀನ ಇಲ್ಲ.

ಮೊಬೈಲ್ ಬಂದು ಉಳಿದ ಗಡಿಯಾರನೂ ಒಡದ್ವು. ನೋಕಿಯಾದ ಹಾವಿನ ಆಟ ನಾವೂ ಆಡೇವಿ, ಸುಳ್ಳ ಯಾಕ. ಹಾವು ಬಾಲಕ್ಕ ಬಡೀತು, ಮುಗೀತು. ಸ್ಮಾರ್ಟ್ ಫೋನಿನ ಆಟಕ್ಕ ಅಂಥಾ ಬಾಲಾನ ಇಲ್ಲ. ದಿನಾ ಹೊಸಾ ಹಂತ, ದಿನಾ ಇನಾಮು, ನಾಳೆ ಬರ್ಲಿಲ್ಲಂದ್ರ ಇನಾಮು ಹೋತು. 2012ರಾಗ ಬಂದ ಕ್ಯಾಂಡಿ ಕ್ರಶ್ ನಮ್ಮ ಬಳಗದಾಗ ಯಾರ್ಯಾರು ಆಡ್ತೀರಿ ಅಂತ ನನಗ ಗೊತ್ತದ, ಹೆಸರು ಹೇಳಂಗಿಲ್ಲ. ಅದರಾಗ ಐದು ಜೀವ ಕೊಡ್ತಾರ. ಮುಗದ್ರ ಒಂದೊಂದು ಜೀವಕ್ಕ ಅರ್ಧಾ ತಾಸು ಕಾಯಬೇಕು, ಇಲ್ಲಾ ರೊಕ್ಕ ಕೊಡಬೇಕು. ನೋಡ್ರಿ, ಗಡಿಯಾರ ಈಗ ಕಂಪನಿಯವನ ಕೈಯಾಗ ಹೋಗಿ ಕೂತದ. ಸಾಕು ಅನ್ನಲಿಕ್ಕೆ ಅಲ್ಲ, ಕಾಯ್ಲಿಕ್ಕಾಗದವರ ಕಡಿಂದ ರೊಕ್ಕ ತಗೋಳಿಕ್ಕೆ.

ನಮ್ಮ ದೇಶದ ಅವ್ವಂದಿರು ಖರೇ ಬೆಚ್ಚಿದ್ದು 2018ರಾಗ ಪಬ್‌ಜಿ ಬಂದ ಮ್ಯಾಲೆ. ನೂರು ಮಂದಿ ಒಂದು ಬಯಲಿಗೆ ಇಳಿಯೋದು, ಕಡೀಕ ಉಳದವರು ಗೆದ್ರು. ಒಂದ ಆಟಕ್ಕ ಸುಮಾರು ಅರ್ಧಾ ತಾಸು, ನಡುವ ನಿಲ್ಲಿಸ್ಲಿಕ್ಕೆ ಬರಂಗಿಲ್ಲ, ನಡುವ ಎದ್ರ ಜೋಡಿ ಇದ್ದ ಗೆಳ್ಯಾರಿಗೆ ದ್ರೋಹ. 2019ರ ಜನವರಿ 29ಕ್ಕ ದಿಲ್ಲಿಯ ತಾಲ್ಕಟೋರಾ ಸ್ಟೇಡಿಯಮ್ಮಿನ್ಯಾಗ ಪರೀಕ್ಷಾ ಪೇ ಚರ್ಚಾ ನಡದಾಗ ಒಬ್ಬ ತಾಯಿ ಎದ್ದು ನಿಂತು ಮಗನ ಆನ್‌ಲೈನ್ ಆಟದ ಚಿಂತಿ ಪ್ರಧಾನಮಂತ್ರಿಗೋಳ ಮುಂದ ಹೇಳಿದ್ಲು. ಪಬ್‌ಜಿ ಆಡೋ ಹುಡುಗೇನು ಅಂತ ಅವರು ಕೇಳಿದ ಕೂಡ್ಲೆ ಸಭಾ ಎಲ್ಲಾ ನಕ್ತು. ಆ ತಾಯಿ ಧೈರ್ಯ ನೋಡ್ರಿ, ದೇಶದ ಮುಂದ ಎದ್ದು ಕೇಳಿದ್ಲು. 2020ರ ಸೆಪ್ಟೆಂಬರ್ 2ಕ್ಕ ಸರಕಾರ 118 ಆ್ಯಪ್ ಬಂದ್ ಮಾಡಿದಾಗ ಅದರಾಗ ಪಬ್‌ಜಿನೂ ಇತ್ತು. ನಮ್ಮ ಓಣಿಯೊಳಗ ಇಬ್ಬರು ಹೋಳಿಗಿ ಮಾಡಿದ್ರು. ಖರೆ ಅಂದ್ರ ಅದು ನಮ್ಮ ಕಣ್ಣೀರು ನೋಡಿ ಆದದ್ದಲ್ಲ, ಗಡಿ ತಂಟೆ, ದೇಶದ ಮಾಹಿತಿ ಸುರಕ್ಷಾ ಅಂತ ಆದದ್ದು. ಮರುವರ್ಷ ಜುಲೈದಾಗ ಬ್ಯಾರೆ ಹೆಸರು ಇಟ್ಕೊಂಡು ತಿರುಗಿ ಬಂತು. ಹದಿನೆಂಟು ತುಂಬದವರಿಗೆ ದಿನಕ್ಕ ಮೂರು ತಾಸಿನ ಮಿತಿ ಹಾಕೇವಿ, ಪಾಲಕರ ಒಪ್ಪಿಗಿಗೆ ಓಟಿಪಿ ಅಂತ ಹೇಳಿದ್ರು. ಎಷ್ಟೋ ಮನ್ಯಾಗ ಹುಡುಗ ಆಡೋದ ಅವ್ವನ ಫೋನಿನ್ಯಾಗ. ಓಟಿಪಿ ಎಲ್ಲಿ ಬರ್ತದ ನೀವ ಹೇಳ್ರಿ.

ಡಾಕ್ಟರುಗೋಳು ಏನಂತಾರ? ಬೆಂಗಳೂರಿನ ನಿಮ್ಹಾನ್ಸ್‌ನ್ಯಾಗ 2014ರಾಗನ ಇದರ ಸಲುವಾಗಿ ಶಟ್ ಅಂತ ಬ್ಯಾರೆ ಕ್ಲಿನಿಕ್ ತಗದಾರ. ಜಾಗತಿಕ ಆರೋಗ್ಯ ಸಂಸ್ಥಾದವರು 2019ರಾಗ ಗೇಮಿನ ಚಟಾನೂ ರೋಗದ ಯಾದಿಗೆ ಸೇರಿಸಿದ್ರು, 2022ರ ಜನವರಿಯಿಂದ ಅದು ಜಾರಿಗೆ ಬಂತು. ಅವರ ವ್ಯಾಖ್ಯಾ ನಾ ಮತ್ತ ಮತ್ತ ಓದಿದೆ. ಅದರಾಗ ತಾಸಿನ ಲೆಕ್ಕಾನ ಇಲ್ಲರಿ! ಕೇಳೋದು ಮೂರು: ಆಟ ಕೈ ಮೀರೇದೇನು? ಉಣ್ಣೋದು, ಮಲಗೋದು, ಸಾಲಿ, ಗೆಳ್ಯಾರು ಎಲ್ಲಾದಕ್ಕಿಂತ ಆಟಾನ ಮೇಲಾಗೇದೇನು? ಕೆಡಕಾಗೋದು ಕಣ್ಣಿಗೆ ಕಂಡ್ರೂ ಬಿಡವಲ್ಲನೇನು? ಅದೂ ಸಾಮಾನ್ಯವಾಗಿ ಒಂದು ವರ್ಷದ ತನಕ ಹಿಂಗ ನಡದಿದ್ರ ಮಾತ್ರ ಅದನ್ನ ರೋಗ ಅನ್ನೋದು. ಅಮೇರಿಕಾದ ಮಕ್ಕಳ ಡಾಕ್ಟರ ಸಂಘದವರು ಸುದ್ದಾ ಮೊದಲು ದಿನಕ್ಕ ಎರಡು ತಾಸು ಅಂತಿದ್ರು. 2016ರಾಗ ಸಾಲಿಗೆ ಹೋಗೋ ಹುಡುಗ್ರಿಗೆ ಆ ಅಂಕಿ ಬಿಟ್ಟು, ನಿದ್ದಿ, ಓದು, ಓಡಾಟ ತಪ್ಪದಂಗ ಮನಿಯವರ ಮಿತಿ ಹಾಕ್ರಿ ಅಂದ್ರು.

ಇದನ್ನ ನಾ ಅಕ್ಕನ ಮಗಳಿಗೆ ಓದಿ ಹೇಳಿದೆ. ಸುಮ್ಮನಿದ್ಲು. ಆಮ್ಯಾಲೆ, "ಮಾವಶಿ, ಹುಡುಗ ಉಣ್ತಾನ, ಮಲಗ್ತಾನ, ಬಂದ್ ಮಾಡು ಅಂದ್ರ ಅರ್ಧಾ ತಾಸು ಜಗಳಾಡಿ ಬಂದ್ ಮಾಡ್ತಾನ" ಅಂದ್ಲು. ಹಂಗಾದ್ರ ರೋಗ ಅಲ್ಲವಾ, ಜಗಳ ಅದು, ಅಂದೆ. ಇನ್ನೊಂದೂ ಹೇಳೀನಿ. ಗಡಿಯಾರ ನೋಡಿ 'ಎಂಟಾತು, ಬಂದ್ ಮಾಡು' ಅನ್ನೋ ಬದಲಿ, ಈ ಆಟ ಮುಗದ ಮ್ಯಾಲೆ ಬಂದ್ ಅನ್ನು, ಆ ಜಪಾನಿ ಹುಡುಗನ ಪೆನ್ಸಿಲ್ ನೆನಸ್ಕೋ ಅಂತ. ಮತ್ತ ಆಯಿತವಾರ ಮಗನ ಕೂಡ ಕೂತು ತಾನೂ ಎರಡು ತಾಸು ಆಡಿ ಛಲೋ ಅಪ್ಪ ಅನಿಸ್ಕೊಳೋ ಅಳಿಯಂದ್ರೂ ಸೋಮವಾರದ ವಾಚ್‌ಮನ್ ಆಗ್ಲಿ. ಐವತ್ತು ವರ್ಷದ ಕಥಿಯೊಳಗ ಗಡಿಯಾರ ಅಂದ್ರ ಅವ್ವನ. ಅಪ್ಪ ಭಾಳ ಆದ್ರ ಪೆಟಿಗಿ ತಂದುಕೊಟ್ಟಂವ.

ಸರಕಾರ ಗಡಿಯಾರ ಆಗಿ ನೋಡಿದ್ದೂ ಅದ. ದಕ್ಷಿಣ ಕೊರಿಯಾದಾಗ 2011ರ ನವೆಂಬರಿಂದ, ಹದಿನಾರು ತುಂಬದವರಿಗೆ ರಾತ್ರಿ ಹನ್ನೆರಡರಿಂದ ಮುಂಜಾನೆ ಆರರ ತನಕ ಕಂಪ್ಯೂಟರಿನ ಆನ್‌ಲೈನ್ ಆಟ ಬಂದ್. ಹುಡುಗ್ರು ಅವ್ವ-ಅಪ್ಪನ ಗುರ್ತಿನ ನಂಬರ್ ಹಾಕಿ ಆಡಿದ್ರು. ಅಷ್ಟೊತ್ತಿಗೆ ಎಲ್ಲಾರೂ ಮೊಬೈಲಿಗೆ ಹೋದ್ರು, ಕಾಯದೆ ಮೊಬೈಲಿಗೆ ಹತ್ತಂಗಿಲ್ಲ, 2022ರಾಗ ಅದನ್ನ ತಗದ ಹಾಕಿದ್ರು. ಚೀನಾದವರು 2021ರಿಂದ ಶುಕ್ರವಾರ, ಶನಿವಾರ, ರವಿವಾರ ಮತ್ತ ಹಬ್ಬದ ದಿನ ರಾತ್ರಿ ಎಂಟರಿಂದ ಒಂಬತ್ತು, ಅಷ್ಟ ಅಂದಾರ. ಅಲ್ಲಿ ಅಜ್ಜ-ಅಜ್ಜಿ ಹೆಸರಿನ್ಯಾಗ ಆಡ್ತಾರಂತ. ನಮ್ಮಲ್ಲಿ 2025ರ ಆಗಸ್ಟಿನ್ಯಾಗ ಬಂದ ಕಾಯದೆ ರೊಕ್ಕ ಹಚ್ಚಿ ಆಡೋ ಆಟಗಳನ್ನ ಬಂದ್ ಮಾಡ್ತು, ಅದು ಜೂಜಿನ ಮಾತು, ತಾಸಿನದಲ್ಲ.

ಜಪಾನಿನ ಕಗಾವಾ ಅನ್ನೋ ಪ್ರಾಂತದಾಗ 2020ರ ಏಪ್ರಿಲಿನಿಂದ ಹದಿನೆಂಟರ ಒಳಗಿನವರಿಗೆ ಸಾಲಿ ದಿನ ಅರವತ್ತು ನಿಮಿಷ, ಸೂಟಿ ದಿನ ತೊಂಬತ್ತು ನಿಮಿಷ ಅಂತ ನಿಯಮ ಆತು. ತಕಾಹಾಶಿ ಸಭಾದಾಗ ಅಂದ ಒಂದ ತಾಸು ಮೂವತ್ತೈದು ವರ್ಷಕ್ಕ ಸರಕಾರದ ಕಾಗದಕ್ಕ ಬಂತು. ಅಲ್ಲಿಯ ಒಬ್ಬ ಹೈಸ್ಕೂಲ್ ಹುಡುಗ ಇದರ ಮ್ಯಾಲೆ ಕೋರ್ಟಿಗೆ ಹೋದ. ನಮ್ಮ ಮನಿ ಲೆಕ್ಕ ನಾವ ಹಾಕ್ಕೋತೇವಿ ಅಂತ ಅವನ ಜೋಡಿ ದಾವಾ ಹಾಕಿದವರು ಯಾರು ಗೊತ್ತೇನು? ಅವರವ್ವ. 2022ರ ಆಗಸ್ಟಿನ್ಯಾಗ ತಾಕಾಮಾತ್ಸುದ ಕೋರ್ಟ್ ದಾವಾ ತಳ್ಳಿಹಾಕ್ತು. ನಿಯಮ ತಪ್ಪಿದವರಿಗೆ ದಂಡ ಏನಿಲ್ಲ. ಹುಡುಗ್ರು ಪಾಲಸೂವಂಗ ನೋಡ್ಕೋಬೇಕಾದವರು ಮನಿಯವರು ಅಂತ ಅದರಾಗ ಬರದದ.